ಕಾಣಿಸುವ ಮೊದಲೇ ನಂಬಬೇಕಾದ ನೋವು

(ಬಿ.ಎಡ್. ಪ್ರಶಿಕ್ಷಣಾರ್ಥಿಗಳ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಆರೋಗ್ಯದ ಬಗ್ಗೆ ಜಾಗೃತಿ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಜಾಥಾ, ಬ್ಯಾನರು, ಮಕ್ಕಳ ಘೋಷಣೆ, ಕೊನೆಗೊಂದು ಗುಂಪು ಫೋಟೊ. ಡೆಂಗಿಗೆ, ಕ್ಷಯಕ್ಕೆ ಅದೆಲ್ಲ ಬೇಕು. ಸೊಳ್ಳೆ ಎಲ್ಲರ ಮನೆಗೂ ಬರುತ್ತದೆ. ನಾನು ಇವತ್ತು ಮಾತಾಡಲು ಬಂದಿರುವ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಹಾಗಲ್ಲ. ಹೆಚ್ಚಾಗಿ ಕಾಣಿಸುವ ಅದರ 'ಎ' ಬಗೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿನಿಂದಲೇ ಬರುತ್ತದೆ. 'ಬಿ' ಬಗೆ ಇನ್ನೂ ಅಪರೂಪ. ಇಂಥದ್ದರ ಬಗ್ಗೆ ಊರಿಗೆ ಊರೇ ಭಾಷಣ ಕೇಳಿ, ಚಪ್ಪಾಳೆ ತಟ್ಟಿ, ಸಂಜೆಗೆ ಮರೆತರೆ ಆ ಒಬ್ಬ ಹುಡುಗನಿಗೆ ಏನೂ ಸಿಗುವುದಿಲ್ಲ. ಅವನ ಸುತ್ತ ಇರುವ ಹತ್ತು ಹದಿನೈದು ಜನಕ್ಕೆ ವಿಷಯ ಸರಿಯಾಗಿ ಗೊತ್ತಿರಬೇಕು. ಅಮ್ಮ, ಅಜ್ಜಿ, ಕ್ಲಾಸ್ ಟೀಚರ್, ಪಿ.ಟಿ. ಮೇಷ್ಟ್ರು, ಊರಿನ ಆಶಾ ಕಾರ್ಯಕರ್ತೆ, ಇಂಜೆಕ್ಷನ್ ಕೊಡುವ ನರ್ಸು, ಹಲ್ಲಿನ ಡಾಕ್ಟರು, ಉಳುಕು ತೆಗೆಯುವ ಅಜ್ಜ. ಇಷ್ಟು ಜನಕ್ಕೆ ನಾವು ಮುಟ್ಟಿಸಬೇಕಾದ ಮಾತು ಒಂದೇ: ಆ ಹುಡುಗ ನೋವು ಎಂದಾಗ, ಹೊರಗೆ ಏನೂ ಕಾಣದಿದ್ದರೂ, ನಂಬಿ.

ನನ್ನ ತಂಗಿಯ ಮಗನಿಗೆ ಇದು ಇದೆ. ತಾಯಂದಿರ ಒಂದು ಗುಂಪಿನೊಂದಿಗೆ ಮನೆಮನೆಗೆ ಹೋಗಿ ಇದನ್ನು ತಿಳಿಸುವ ಕೆಲಸಕ್ಕೆ ನಾನು ಬಂದದ್ದು ಆ ದಾರಿಯಿಂದ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳಾದ್ದರಿಂದ ಪುಸ್ತಕದ ಭಾಗ ಗೊತ್ತಿತ್ತು. ಗಾಯವಾದಾಗ ರಕ್ತ ತಾನಾಗಿಯೇ ಹೆಪ್ಪುಗಟ್ಟಬೇಕಾದರೆ ರಕ್ತದಲ್ಲಿರುವ ಹಲವು ಪ್ರೋಟೀನುಗಳು ಒಂದರ ಬೆನ್ನಿಗೆ ಒಂದು ಕೆಲಸ ಮಾಡಬೇಕು. ಅವುಗಳಿಗೆ ಫ್ಯಾಕ್ಟರ್ ಎಂದು ಹೆಸರು. ಎಂಟನೇ ಫ್ಯಾಕ್ಟರ್ ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆಯಿದ್ದರೆ ಬಿ. ಸಾಮಾನ್ಯರಲ್ಲಿ ಇರಬೇಕಾದ ಪ್ರಮಾಣದ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5ರವರೆಗೆ ಮಧ್ಯಮ, 5ರಿಂದ 40ರವರೆಗೆ ಸೌಮ್ಯ. ಇವರಿಗೆ ರಕ್ತ ಬೇರೆಯವರಿಗಿಂತ ಜೋರಾಗಿ ಸುರಿಯುವುದಿಲ್ಲ, ಬಹಳ ಹೊತ್ತು ಸೋರುತ್ತಲೇ ಇರುತ್ತದೆ. ಒಂದು ಚಿಕ್ಕ ಗೀರಿನಿಂದ ಸತ್ತುಹೋಗುತ್ತಾರೆ ಎಂದು ಹೆದರುವವರಿದ್ದಾರೆ. ಮೇಲಿನ ಗೀರನ್ನು ಒತ್ತಿಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಪಾಯ ಇರುವುದು ಒಳಗೆ: ಮಂಡಿಯಲ್ಲಿ, ಮೊಣಕೈಯಲ್ಲಿ, ಕಣಕಾಲಿನ ಕೀಲಿನಲ್ಲಿ, ಸ್ನಾಯುವಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ತಲೆಯೊಳಗೆ.

ಈಗ ಒಂದು ಮಂಡಿಯ ವಿಷಯ ಹೇಳುತ್ತೇನೆ. ನಮ್ಮ ಹುಡುಗ ದೊಡ್ಡವನಾಗುತ್ತ ಬಂದಂತೆ ಒಳಗೆ ರಕ್ತ ಸೋರಲು ಶುರುವಾದದ್ದನ್ನು ತಾನೇ ಗುರುತಿಸಲು ಕಲಿತ. ಮೊದಲು ಕೀಲಿನೊಳಗೆ ಜುಮ್ಮೆನ್ನುತ್ತದಂತೆ. ಆಮೇಲೆ ಒಂದು ಥರ ಬೆಚ್ಚಗಾಗುತ್ತದೆ. ಕಾಲನ್ನು ಪೂರ್ತಿ ಮಡಚಲು ಹೋದರೆ, ಪೂರ್ತಿ ಚಾಚಲು ಹೋದರೆ, ಒಳಗೇನೋ ಅಡ್ಡ ಬಂದ ಹಾಗೆ. ಆ ಹೊತ್ತಿನಲ್ಲಿ ಚಡ್ಡಿ ಮೇಲೆತ್ತಿ ನೋಡಿದರೆ ಎರಡು ಮಂಡಿಯೂ ಒಂದೇ ಥರ ಇರುತ್ತವೆ. ಬಾವಿಲ್ಲ, ಕೆಂಪಿಲ್ಲ. ಪಿ.ಟಿ. ಪೀರಿಯಡ್ಡಿನಲ್ಲಿ ಅವನು ಮೇಷ್ಟ್ರ ಹತ್ತಿರ ಹೋಗಿ "ಸಾರ್, ಮಂಡಿಗೆ ಬ್ಲೀಡ್ ಆಗ್ತಿದೆ, ಮನೆಗೆ ಫೋನ್ ಮಾಡ್ಬೇಕು" ಎಂದ. "ಎಲ್ಲಿ ತೋರಿಸೋ? ರಕ್ತಾನೇ ಇಲ್ವಲ್ಲೋ" ಎಂದರು ಅವರು. ಕೆಟ್ಟವರೇನಲ್ಲ, ಮಕ್ಕಳನ್ನು ಕಂಡರೆ ಅಕ್ಕರೆಯಿದ್ದವರು. ಓಟ ತಪ್ಪಿಸಿಕೊಳ್ಳಲು ನೆಪ ಹೇಳುವ ಹುಡುಗರನ್ನು ದಿನವೂ ನೋಡಿದವರು. ಹುಡುಗ ಸಾಲಿಗೆ ಹೋಗಿ ನಿಂತ. ಸಂಜೆ ಮನೆಗೆ ಬರುವಾಗ ಗೆಳೆಯನ ಹೆಗಲು ಹಿಡಿದಿದ್ದ. ರಾತ್ರಿ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು, ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು, ಹೊದಿಕೆಯ ಅಂಚು ತಾಗಿದರೂ ಚೀರುತ್ತಿದ್ದ.

ಎಲ್ಲರಿಗೂ ಕಾಣಿಸುವ ಹೊತ್ತಿಗೆ ಕೀಲಿನ ಒಳಗೆ ನಡೆಯಬೇಕಾದ್ದೆಲ್ಲ ನಡೆದುಹೋಗಿರುತ್ತದೆ. ಒಳಗೆ ಸೇರಿದ ರಕ್ತದಲ್ಲಿರುವ ಕಬ್ಬಿಣದ ಅಂಶ ಕೀಲಿನ ಒಳಪೊರೆಯನ್ನು ಕೆರಳಿಸುತ್ತದೆ. ಪೊರೆ ದಪ್ಪವಾಗುತ್ತದೆ, ಅದರಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ. ಅವು ತೀರ ನಾಜೂಕು, ಸ್ವಲ್ಪ ಆಯಾಸಕ್ಕೂ ಒಡೆಯುತ್ತವೆ, ಮತ್ತೆ ಸೋರುತ್ತದೆ. ಹೀಗೆ ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ಆದರೆ ಅದನ್ನು ಟಾರ್ಗೆಟ್ ಜಾಯಿಂಟ್ ಎನ್ನುತ್ತಾರೆ. ಮೃದ್ವಸ್ಥಿ ಸವೆದು ಇಪ್ಪತ್ತರ ಹರೆಯದಲ್ಲೇ ಎಪ್ಪತ್ತರ ಮಂಡಿ ಬರುತ್ತದೆ. ಫ್ಯಾಕ್ಟರ್ ಇಂಜೆಕ್ಷನ್ನನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ ಹಾಕಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ಆ ಎರಡು ಗಂಟೆ ಬಹುತೇಕ ಶಾಲೆಯ ಆವರಣದಲ್ಲೇ ಕಳೆದುಹೋಗುತ್ತದೆ. ಆಗ ಇರುವ ಸಾಕ್ಷ್ಯ ಮಗುವಿನ ಮಾತು ಮಾತ್ರ.

ನೀವು ಮಾಡಬೇಕಾದ್ದು ಹೆಚ್ಚಿಲ್ಲ. ಮಗುವನ್ನು ಕೂರಿಸಿ, ಆ ಕಾಲಿಗೆ ಭಾರ ಬೀಳದಂತೆ ಬೆಂಚಿನ ಮೇಲೆ ಎತ್ತಿ ಇಡಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಮನೆಗೆ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಮನೆಯವರು ಬರಲಿ ಎಂದು ಕಾಯಬೇಡಿ. ಮಗು ನಗುತ್ತ ಆಡುತ್ತ ಇದ್ದರೂ ಸರಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಊರಿನಲ್ಲಿ ಊದಿದ ಮಂಡಿಗೆ ಏನೇನು ಮಾಡುತ್ತಾರೆ ಎಂಬುದು ನಿಮಗೆ ಗೊತ್ತು. ಬಿಸಿ ಉಪ್ಪಿನ ಶಾಖ ಕೊಡುತ್ತಾರೆ. ಹರಳೆಣ್ಣೆ ಹಚ್ಚಿ ನೀವುತ್ತಾರೆ. ಉಳುಕು ಎಂದು ಎಳೆದು ಲಟಕ್ಕೆನ್ನಿಸುತ್ತಾರೆ. ಜ್ವರವೂ ಇದ್ದರೆ ಸೊಂಟಕ್ಕೆ ಒಂದು ಇಂಜೆಕ್ಷನ್. ಬೇರೆ ಮಕ್ಕಳಿಗೆ ಇವುಗಳಿಂದ ಲಾಭವೋ ನಷ್ಟವೋ, ಈ ಮಗುವಿಗಂತೂ ಅಪಾಯ. ನೀವಿದರೆ ಸೋರುವುದು ಹೆಚ್ಚುತ್ತದೆ, ಸ್ನಾಯುವಿಗೆ ಚುಚ್ಚಿದರೆ ಅಲ್ಲೇ ರಕ್ತದ ಗಡ್ಡೆ ಕಟ್ಟುತ್ತದೆ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ, ಪ್ಯಾರಾಸಿಟಮಾಲ್ ಕೊಡಬಹುದು. ಲಸಿಕೆಯನ್ನು ತಪ್ಪಿಸಬಾರದು. ಸಣ್ಣ ಸೂಜಿಯಲ್ಲಿ ಹಾಕಿಸಿ ಆ ಜಾಗವನ್ನು ಐದು ನಿಮಿಷವಾದರೂ ಒತ್ತಿಹಿಡಿಯಬೇಕು. ಇದನ್ನೆಲ್ಲ ನಾವು ಉಳುಕು ತೆಗೆಯುವವರ ಮನೆಗೇ ಹೋಗಿ ಹೇಳುತ್ತೇವೆ. ಅವರನ್ನು ಮೂಢರೆಂದು ಬೈದು ಬಂದ ಸಂಘಟನೆಗಳು ಏನನ್ನೂ ಗಳಿಸಿಲ್ಲ. ಗೌರವದಿಂದ ಹೇಳಿದರೆ "ಪೆಟ್ಟಿಲ್ಲದೆ ಊದಿದ್ರೆ ನಾನು ಮುಟ್ಟಲ್ಲ ಕಣವ್ವ, ನಿಮ್ಮ ಕಡೆ ಕಳಸ್ತೀನಿ" ಎನ್ನುತ್ತಾರೆ, ಕಳಿಸಿಯೂ ಇದ್ದಾರೆ. ಕಾಯಿಲೆ ಪತ್ತೆಯಾಗದ ಮಕ್ಕಳು ಮೊದಲು ಹೋಗುವುದೇ ಅವರ ಜಗುಲಿಗೆ.

ಇನ್ನು ತಾಯಂದಿರ ವಿಷಯ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಂಬೆಗಾಲಿಡುವ ಮಗುವಿನ ಮೈಮೇಲೆ ಅಲ್ಲಲ್ಲಿ ನೀಲಿಗಟ್ಟಿದ ಕಲೆ ಕಂಡರೆ ನೆರೆಯವರು ಮೊದಲು ಕೇಳುವುದು, ಹೊಡೆದೆಯಾ ಎಂದು. ಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾದ ಮೇಲೆ ಮಾತು ಬೇರೆ ರೂಪ ಪಡೆಯುತ್ತದೆ: ತವರಿನಿಂದ ತಂದ ದೋಷ. ದೋಷವಿರುವ ಜೀನು ಎಕ್ಸ್ ಕ್ರೋಮೋಸೋಮಿನ ಮೇಲಿದೆ, ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಎಂದು ಅರ್ಧ ಕೇಳಿಸಿಕೊಂಡವರಿಗೆ ವಿಜ್ಞಾನವೇ ಅವಳ ಮೇಲೆ ತೀರ್ಪು ಕೊಟ್ಟಂತೆ ಕಾಣುತ್ತದೆ. ಅರೆಬರೆ ಜಾಗೃತಿ ಒಬ್ಬ ಹೆಣ್ಣುಮಗಳನ್ನು ಮನೆಯಿಂದ ಹೊರಗೆ ಹಾಕಿಸಬಲ್ಲದು. ಹಾಗೆ ತವರಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ನಾವು ಮನೆಗೆ ಹೋದಾಗ ಕರಪತ್ರ ತೆಗೆಯುವುದಿಲ್ಲ, ಅವರ ಅಡುಗೆಮನೆಯಿಂದಲೇ ಮೂರು ಅವರೆಕಾಳು, ಒಂದು ಹುಣಸೆಬೀಜ ಕೇಳುತ್ತೇವೆ. ಎರಡು ಅವರೆಕಾಳು ತಾಯಿಯವು. ಅದರಲ್ಲಿ ಒಂದಕ್ಕೆ ಪೆನ್ನಿನ ಚುಕ್ಕಿ. ಒಂದು ಅವರೆಕಾಳು, ಒಂದು ಹುಣಸೆಬೀಜ ತಂದೆಯವು. ಮಗುವಿಗೆ ಇಬ್ಬರಿಂದಲೂ ಒಂದೊಂದು. ತಂದೆ ಹುಣಸೆಬೀಜ ಕೊಟ್ಟರೆ ಗಂಡು, ಅವರೆಕಾಳು ಕೊಟ್ಟರೆ ಹೆಣ್ಣು. ತಾಯಿಯ ಪಾಲನ್ನು ಅತ್ತೆಯ ಕೈಗೆ ಕೊಟ್ಟು, ಕಣ್ಣುಮುಚ್ಚಿ ಒಂದನ್ನು ತೆಗೆಯಿರಿ ಎನ್ನುತ್ತೇವೆ. ದಾವಣಗೆರೆ ಕಡೆಯ ಒಂದು ಹಳ್ಳಿಯಲ್ಲಿ ಹೀಗೆ ತೆಗೆದ ಅಜ್ಜಿಗೆ ಚುಕ್ಕಿಯ ಕಾಳೇ ಬಂತು. ಅದನ್ನು ನೋಡುತ್ತಲೇ ಕೂತು, "ಇದ್ನ ನಾ ಬೇಕಂತ ತಗಂಡೆನಾ?" ಎಂದಳು. ಸೊಸೆ ಬಾಗಿಲ ಹಿಂದೆ ನಿಂತಿದ್ದಳು. "ಬಾರೆ, ಕೂತ್ಕಾ" ಎಂದು ಅಜ್ಜಿಯೇ ಕರೆದಳು.

ಇನ್ನೊಂದು ಮಾತನ್ನೂ ಆ ಮನೆಗಳಲ್ಲಿ ಹೇಳಲೇಬೇಕು. ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವಂಶದಲ್ಲಿ ಯಾರಿಗೂ ಇದು ಇದ್ದದ್ದು ಗೊತ್ತಿರುವುದಿಲ್ಲ. ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯಿಂದ ಬರುತ್ತದೆ. ತವರಿನ ಕಡೆ ಹುಡುಕಿ ಹೋದರೆ ಅಲ್ಲಿ ಏನೂ ಸಿಗುವುದಿಲ್ಲ. ರಕ್ತಸಂಬಂಧದ ಮದುವೆಯಿಂದ ಬಂತು ಎನ್ನುವುದೂ ಸಾಮಾನ್ಯವಾಗಿ ಸರಿಯಲ್ಲ, ಇದಕ್ಕೆ ತಾಯಿಯ ಒಂದು ಎಕ್ಸ್ ಸಾಕು. ಆದರೆ ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ರೂಢಿಯಿದೆಯಲ್ಲ, ಅಲ್ಲಿ ಒಂದು ನಿಜವಾದ ಎಚ್ಚರ ಬೇಕು. ಕಾಯಿಲೆಯಿರುವ ಸೋದರಮಾವ, ಕಾಯಿಲೆಯ ಜೀನನ್ನು ಹೊತ್ತಿರುವ ಅಕ್ಕನ ಮಗಳು, ಇಬ್ಬರೂ ಮದುವೆಯಾದರೆ ಹೆಣ್ಣುಮಕ್ಕಳಿಗೂ ಪೂರ್ಣ ಪ್ರಮಾಣದ ಹಿಮೋಫಿಲಿಯಾ ಬರಬಹುದು. ಮದುವೆಯ ಮಾತುಕತೆಗೆ ಮೊದಲೇ ಆ ಹುಡುಗಿಗೆ ರಕ್ತಪರೀಕ್ಷೆ, ಬೇಕಿದ್ದರೆ ಜೀನ್ ಪರೀಕ್ಷೆ ಮಾಡಿಸಬಹುದು. ಗರ್ಭದಲ್ಲಿಯೇ ಪತ್ತೆ ಮಾಡುವ ವ್ಯವಸ್ಥೆಯೂ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಂಥ ಕಡೆ ಇದೆ. ಏನು ಮಾಡಬೇಕೆಂಬ ನಿರ್ಧಾರ ಆ ದಂಪತಿಯದು; ನಾವು ವಿಷಯ ಮಾತ್ರ ಹೇಳಿ ಬರಬೇಕು.

ಹೆಣ್ಣುಮಕ್ಕಳನ್ನು ಬಹಳ ಕಾಲ ಬರೀ ವಾಹಕರು ಎಂದು ಬರೆದು ಬಿಟ್ಟರು. ಪಠ್ಯಪುಸ್ತಕದ ಚಿತ್ರದಲ್ಲಿ ಅರ್ಧ ಬಣ್ಣ ತುಂಬಿದ ಒಂದು ವೃತ್ತ, ಅಷ್ಟೇ. ವಾಹಕಳಾದ ಹೆಣ್ಣುಮಗಳ ಫ್ಯಾಕ್ಟರ್ ಪ್ರಮಾಣವೂ ಕಡಿಮೆಯಿರಬಹುದು. ಮುಟ್ಟಿನಲ್ಲಿ ವಾರ ದಾಟಿದರೂ ನಿಲ್ಲದ ಸ್ರಾವ, ಹಲ್ಲು ಕೀಳಿಸಿದಾಗ, ಹೆರಿಗೆಯಾದಾಗ ಆಗುವ ಅತಿಸ್ರಾವ, ಇವೆಲ್ಲ ಅವರಿಗೆ ಇರಬಹುದು. "ನಮ್ಮ ಮನೇಲಿ ಎಲ್ರಿಗೂ ಹಂಗೇ" ಎಂದು ಅಮ್ಮಂದಿರು ಹೇಳಿ ಸುಮ್ಮನಾಗಿಸುತ್ತಾರೆ. ಎಲ್ಲರಿಗೂ ಹಾಗೇ ಇದ್ದರೆ ಅದೇ ಪರೀಕ್ಷೆ ಮಾಡಿಸಲು ಕಾರಣ. ಎಂಟನೇ ಕ್ಲಾಸಿನ ಹುಡುಗಿ ತಿಂಗಳಿಗೆ ಒಂದು ವಾರ ಶಾಲೆ ತಪ್ಪಿಸುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಕಬ್ಬಿಣದ ಮಾತ್ರೆ ಕೊಟ್ಟು ಮುಗಿಸಬೇಡಿ. ಅವಳ ಮಾತನ್ನೂ ನಂಬಿ ಕೇಳಿ.

ಚರಿತ್ರೆಯ ಪಾಠದಲ್ಲಿ ಇದನ್ನು ರಾಜರೋಗ ಎಂದು ಓದಿರುತ್ತೀರಿ. ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ಬಿದ್ದು, 30ನೇ ವಯಸ್ಸಿನಲ್ಲಿ ತೀರಿಕೊಂಡ. ಅವಳ ಮರಿಮಗ, ರಷ್ಯದ ಯುವರಾಜ ಅಲೆಕ್ಸೈಗೆ ಇದ್ದದ್ದು ಬಿ ಬಗೆಯದು ಎಂದು 2009ರಲ್ಲಿ ಅಸ್ಥಿಗಳ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಅರಮನೆಯ ಕತೆ ನೆನಪಿನಲ್ಲಿ ಉಳಿಯುತ್ತದೆ, ಆದರೆ ನನಗೆ ಹೇಳಬೇಕೆನಿಸುವುದು ಬೇರೆಯವರ ಕತೆ. ಮಾಂಟ್ರಿಯಲ್‌ನ ಫ್ರಾಂಕ್ ಶ್ನಾಬೆಲ್ ಎಂಬ ವ್ಯಾಪಾರಿ, ತೀವ್ರ ಹಿಮೋಫಿಲಿಯಾ ಇದ್ದವರು, 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟ ಕಟ್ಟಿದರು. ಅವರ ಹುಟ್ಟಿದ ದಿನ ಏಪ್ರಿಲ್ 17 ಈಗ ವಿಶ್ವ ಹಿಮೋಫಿಲಿಯಾ ದಿನ. ಭಾರತದಲ್ಲಿ 1983ರಲ್ಲಿ ಒಕ್ಕೂಟ ಕಟ್ಟಿದ ಅಶೋಕ್ ವರ್ಮಾ ಅವರಿಗೂ ಈ ಕಾಯಿಲೆಯಿತ್ತು. ನಮ್ಮ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದವರು, ಸ್ವತಃ ಹಿಮೋಫಿಲಿಯಾದೊಂದಿಗೆ ಬದುಕುತ್ತಿರುವವರು. ಮಂಡಿ ಊದಿಸಿಕೊಂಡೇ ಬಸ್ಸು ಹತ್ತಿಳಿದು ಓಡಾಡಿದ ಇಂಥವರು ಕಟ್ಟಿದ ಚಳವಳಿ ಇದು. ಹೊರಗಿನವರಾದ ನಾವು ಕೈಜೋಡಿಸುವಾಗ ಅವರ ಹಿಂದೆ ನಿಂತು ಜೋಡಿಸಬೇಕು, ಮುಂದೆ ಬಂದು ನಿಲ್ಲಬಾರದು.

ಶಿಕ್ಷಕರಾಗುವ ನಿಮಗೆ ಅಮೆರಿಕದ ಇಂಡಿಯಾನ ರಾಜ್ಯದ ಎರಡು ಶಾಲೆಗಳ ವಿಷಯ ಗೊತ್ತಿರಬೇಕು. 1980ರ ದಶಕದ ಮೊದಲ ವರ್ಷಗಳಲ್ಲಿ ಫ್ಯಾಕ್ಟರ್ ಔಷಧವನ್ನು ಸಾವಿರಾರು ಜನರ ರಕ್ತದ ಪ್ಲಾಸ್ಮಾ ಒಟ್ಟುಗೂಡಿಸಿ ತಯಾರಿಸುತ್ತಿದ್ದರು. ಅದರ ಮೂಲಕ ಎಚ್‌ಐವಿ ಸೋಂಕು ಹಿಮೋಫಿಲಿಯಾ ಇದ್ದ ಸಾವಿರಾರು ಜನಕ್ಕೆ ಹಬ್ಬಿತು. ಹಾಗೆ ಸೋಂಕು ತಗುಲಿದ ರಯಾನ್ ವೈಟ್ ಎಂಬ ಹುಡುಗನಿಗೆ 1984ರ ಡಿಸೆಂಬರಿನಲ್ಲಿ, 13ನೇ ವಯಸ್ಸಿನಲ್ಲಿ, ಏಡ್ಸ್ ಇರುವುದು ಗೊತ್ತಾಯಿತು. ಕೊಕೊಮೊ ಊರಿನ ಹತ್ತಿರದ ಅವನ ಶಾಲೆ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮುಟ್ಟಿದರೆ ಅಂಟುವುದಿಲ್ಲ ಎಂದು ವೈದ್ಯರು ಹೇಳಿದರೂ ಪೋಷಕರು ನಂಬಲಿಲ್ಲ. ಕೋರ್ಟಿನ ಮೂಲಕ ಮರಳಿದಾಗ ಹಲವರು ತಮ್ಮ ಮಕ್ಕಳನ್ನೇ ಬಿಡಿಸಿಕೊಂಡರು. 1987ರಲ್ಲಿ ಆ ಕುಟುಂಬ ಸಿಸೆರೊ ಎಂಬ ಊರಿಗೆ ಹೋಯಿತು. ಅಲ್ಲಿಯ ಹೈಸ್ಕೂಲಿನಲ್ಲಿ ಅವನು ಬರುವ ಮೊದಲೇ ವಿದ್ಯಾರ್ಥಿಗಳಿಗೆ ಏಡ್ಸ್ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ತಿಳಿಸಿದ್ದರು. ಮಕ್ಕಳು ಅದನ್ನು ಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೆ ಹೇಳಿದರು. ಹುಡುಗ ಬಂದ ದಿನ ಪ್ರಾಂಶುಪಾಲರೂ ವಿದ್ಯಾರ್ಥಿಗಳೂ ಕೈಕುಲುಕಿ ಸ್ವಾಗತಿಸಿದರು. ರಯಾನ್ 1990ರ ಏಪ್ರಿಲಿನಲ್ಲಿ 18 ವರ್ಷಕ್ಕೇ ತೀರಿಕೊಂಡ, ಆದರೆ ಕೊನೆಯ ಆ ವರ್ಷಗಳನ್ನು ಉಳಿದ ಹುಡುಗರ ಹಾಗೆ ಶಾಲೆಯಲ್ಲಿ ಕಳೆದ. ಎರಡೂ ಊರು ಒಂದೇ ರಾಜ್ಯದವು, ಹುಡುಗನೂ ಅವನೇ. ಒಂದು ಶಾಲೆ ಮೊದಲೇ ಕೂತು ಮಾತಾಡಿತ್ತು.

ಹಾಗೆಂದು ಮಗುವಿನ ಕಾಯಿಲೆಯನ್ನು ಪ್ರಾರ್ಥನೆಯ ಸಾಲಿನಲ್ಲಿ ಮೈಕಿನಲ್ಲಿ ಹೇಳಬೇಡಿ. ಜಾಗೃತಿ ಕಾರ್ಯಕ್ರಮವೆಂದು ಕುಂಟುವ ಹುಡುಗನನ್ನು ವೇದಿಕೆಗೆ ಹತ್ತಿಸಿ, ಅಯ್ಯೋ ಪಾಪ ಎನ್ನಿಸಿ, ಹಾರ ಹಾಕಿ ಕಳಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂದು ಮಗುವನ್ನೇ ಕೇಳಿ. ನಮ್ಮ ಹುಡುಗ ಬೆಂಚಿನ ಇಬ್ಬರು ಗೆಳೆಯರಿಗೆ ಮಾತ್ರ ಹೇಳಿದ್ದ. ಅವರಿಗೆ ತಾನು ಫ್ಯಾಕ್ಟರ್ ಹಾಕಿಕೊಳ್ಳುವುದನ್ನೂ ತೋರಿಸಿದ್ದ. ಫ್ರಿಜ್ಜಿನಿಂದ ಪುಡಿಯ ಸೀಸೆ ತೆಗೆದು, ನೀರು ಸೇರಿಸಿ, ಕುಲುಕದೆ ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸುತ್ತಾನೆ. ಕುಲುಕಿದರೆ ನೊರೆ ಬರುತ್ತದೆ. ಪುಡಿ ಕರಗಿ ತಿಳಿಯಾದ ಮೇಲೆ ತೋಳಿಗೆ ಪಟ್ಟಿ ಬಿಗಿದು ರಕ್ತನಾಳ ಹುಡುಕುತ್ತಾನೆ. ಆ ಇಬ್ಬರಲ್ಲಿ ಒಬ್ಬ ಈಗ ನರ್ಸಿಂಗ್ ಓದುತ್ತಿದ್ದಾನೆ.

ಇನ್ನು ಆಟದ ವಿಷಯ. ಈ ಮಕ್ಕಳಿಗೆ ಈಜು ಒಳ್ಳೆಯದು, ನಡಿಗೆ ಒಳ್ಳೆಯದು. ಗಟ್ಟಿ ಸ್ನಾಯು ಕೀಲನ್ನು ಕಾಯುತ್ತದೆ. ಹಾಗಾಗಿ ಹೆದರಿ ಆಟದಿಂದ ಪೂರ್ತಿ ದೂರವಿಡುವುದೂ ತಪ್ಪು. ಕಬಡ್ಡಿ, ಕುಸ್ತಿ ಬೇಡ. ಅವರ ಹಕ್ಕುಗಳೂ ನಿಮಗೆ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಹಿಮೋಫಿಲಿಯಾವೂ ಸೇರಿದೆ. ಪ್ರಮಾಣಪತ್ರ ಮಾಡಿಸಲು ಕುಟುಂಬಕ್ಕೆ ನೆರವಾಗಿ. ಪರೀಕ್ಷೆಯ ದಿನ ಮೊಣಕೈ ಊದಿದ್ದರೆ ಬರೆಯಲು ಸಹಾಯಕನನ್ನು ಕೇಳಬೇಕಾಗುತ್ತದೆ, ಆಗ ಓಡಾಡಬೇಕಾದವರು ನೀವೇ.

ಚಿಕಿತ್ಸೆ ಬಹಳ ಮುಂದೆ ಹೋಗಿದೆ. 1964ರಲ್ಲಿ ಜೂಡಿತ್ ಪೂಲ್ ಎಂಬ ವಿಜ್ಞಾನಿ ಶೀತದಲ್ಲಿ ಗಟ್ಟಿಯಾಗಿಸಿದ ಪ್ಲಾಸ್ಮಾ ನಿಧಾನವಾಗಿ ಕರಗುವಾಗ ತಳದಲ್ಲಿ ಉಳಿಯುವ ಗಷ್ಟಿನಲ್ಲಿ ಎಂಟನೇ ಫ್ಯಾಕ್ಟರ್ ಹೇರಳವಾಗಿದೆ ಎಂದು ತೋರಿಸಿಕೊಟ್ಟರು. ಅಲ್ಲಿಂದ ಇಂದು ಚರ್ಮದಡಿ ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚಿಕೊಳ್ಳುವ ಎಮಿಸಿಜುಮ್ಯಾಬ್ ಎಂಬ ಔಷಧದವರೆಗೆ ಬಂದಿದ್ದೇವೆ. 2024ರ ಡಿಸೆಂಬರಿನಲ್ಲಿ ವೆಲ್ಲೂರಿನ ಸಿಎಂಸಿ ವೈದ್ಯರು ತೀವ್ರ ಹಿಮೋಫಿಲಿಯಾ ಎ ಇರುವ ಐವರಿಗೆ ಅವರದೇ ಕಾಂಡಕೋಶಗಳ ಮೂಲಕ ಜೀನ್ ಚಿಕಿತ್ಸೆ ನೀಡಿದ ಫಲಿತಾಂಶ ಪ್ರಕಟಿಸಿದರು. ಆ ಐವರಲ್ಲೂ ರಕ್ತಸ್ರಾವ ನಿಂತಿತ್ತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಫ್ಯಾಕ್ಟರ್ ಉಚಿತವಾಗಿ ಸಿಗುವ ವ್ಯವಸ್ಥೆ ಬಂದಿದೆ. ಆದರೆ ಹೆಸರೇ ಗೊತ್ತಿಲ್ಲದ ಕಾಯಿಲೆಗೆ ಯಾರೂ ಔಷಧ ಕೇಳಲಾರರು. ಜಗತ್ತಿನಲ್ಲಿ ಹಿಮೋಫಿಲಿಯಾ ಇರುವವರಲ್ಲಿ ಬಹುಪಾಲು ಜನಕ್ಕೆ ತಮಗೆ ಅದಿದೆ ಎಂಬುದೇ ತಿಳಿದಿಲ್ಲ ಎಂದು ವಿಶ್ವ ಒಕ್ಕೂಟ ಹೇಳುತ್ತ ಬಂದಿದೆ.

ಆದ್ದರಿಂದ ಅಭ್ಯಾಸ ಪಾಠಕ್ಕೆಂದು ಶಾಲೆಗಳಿಗೆ ಹೋದಾಗ ಒಂದು ಕೆಲಸ ಮಾಡಿ. ಆಟದ ಪೀರಿಯಡ್ಡಿನಲ್ಲಿ ಪದೇ ಪದೇ ಪಕ್ಕಕ್ಕೆ ಕೂರುವ, ತಿಂಗಳಲ್ಲಿ ಹಲವು ದಿನ ಕಾಲುನೋವೆಂದು ರಜೆ ಹಾಕುವ ಹುಡುಗ ಯಾರೆಂದು ಹಾಜರಿ ಪುಸ್ತಕದಲ್ಲಿ ನೋಡಿ. ಅವನ ಅಮ್ಮನನ್ನು ಕರೆಸಿ, ಹಲ್ಲು ಬಿದ್ದಾಗ ರಕ್ತ ಎಷ್ಟು ಹೊತ್ತು ಬಂತು, ಮೈಮೇಲೆ ನೀಲಿ ಕಲೆ ಏಳುತ್ತದೆಯೇ, ಅವಳ ಅಣ್ಣತಮ್ಮಂದಿರಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ತೀರಿಕೊಂಡರೇ ಎಂದು ಮೆಲ್ಲಗೆ ಕೇಳಿ. ಅನುಮಾನ ಬಂದರೆ ಜಿಲ್ಲಾಸ್ಪತ್ರೆಗೆ ಕಳಿಸಿ. ಎಪಿಟಿಟಿ ಎಂಬ ರಕ್ತಪರೀಕ್ಷೆ ಮೊದಲ ಸುಳಿವು ಕೊಡುತ್ತದೆ, ಆಮೇಲೆ ಫ್ಯಾಕ್ಟರ್ ಪ್ರಮಾಣದ ಪರೀಕ್ಷೆ. ಸೌಮ್ಯ ಬಗೆಯದ್ದಾದರೆ ಎಪಿಟಿಟಿ ಸರಿಯಾಗಿಯೇ ಬರಬಹುದು, ಆಗಲೂ ಫ್ಯಾಕ್ಟರ್ ಪರೀಕ್ಷೆ ಮಾಡಿಸಿ ಎಂದು ಕೇಳಿ. ಆ ಅಮ್ಮನಿಗೆ ಒಬ್ಬಳೇ ಹೋಗಲು ಅಳುಕಾದರೆ ನಮಗೆ ತಿಳಿಸಿ. ನಮ್ಮ ಗುಂಪಿನ ತಾಯಂದಿರಲ್ಲಿ ಒಬ್ಬರು ಜೊತೆಗೆ ಬರುತ್ತಾರೆ.